ಪಾದದ ನಾಡಿ

ನಮ್ಮ ಸೋದರಮಾವನವರಿಗೆ ನಡಿಗೆಯ ಲೆಕ್ಕವಿದ್ದುದು ಮರಗಳಲ್ಲಿ. ಮಧುಗಿರಿಗೆ ಸಮೀಪದ ತಮ್ಮ ಹಳ್ಳಿಯಲ್ಲಿ ಮನೆಯಿಂದ ಹೊರಟು, ಹೊಂಗೆಯ ಮರವನ್ನು ದಾಟಿ, ಹುಣಿಸೆಯ ತೋಪನ್ನು ಬಳಸಿಕೊಂಡು, ಕೆರೆಯ ಏರಿಯ ಮೇಲೆ ಹಾಯ್ದು ಕಡಲೆಕಾಯಿಯ ಹೊಲವನ್ನು ಸೇರುವ ತನಕ ಒಮ್ಮೆಯೂ ನಿಲ್ಲದವರು, ಯೌವನದಲ್ಲಿ ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಬರಿಗಾಲಿನಲ್ಲಿ ನೆತ್ತಿಯವರೆಗೆ ಹತ್ತಿ ಇಳಿದವರು, ಅರವತ್ತೈದರ ಪ್ರಾಯದಲ್ಲಿ ಹುಣಿಸೆಯ ತೋಪಿನ ಬಳಿ ನಿಲ್ಲತೊಡಗಿದರು. ಒಂದು ವರ್ಷ ಕಳೆಯುವುದರೊಳಗಾಗಿ ಆ ನಿಲುಗಡೆ ಹೊಂಗೆಯ ಮರಕ್ಕೆ ಬಂದಿತು. ಬಲಗಾಲಿನ ಮೀನಖಂಡ ಹಿಡಿದುಕೊಳ್ಳುವುದು, ಎರಡು ನಿಮಿಷ ನಿಂತರೆ ಬಿಡುವುದು, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿದುಕೊಳ್ಳುವುದು, ಇಷ್ಟೇ ಅವರ ದೂರು. “ನರ ಹಿಡ್ಕಂತದೆ ಕಣಪ್ಪ, ಎಣ್ಣೆ ತಿಕ್ಕಿದ್ರೆ ಹೋಗ್ತದೆ” ಎಂದು ಅವರು ಹೇಳುತ್ತಿದ್ದರು. ನಾವೂ ಅದನ್ನೇ ನಂಬಿದೆವು.

‘ನರ’ ಎಂಬ ಈ ಒಂದು ಮಾತಿನಿಂದ ನಮ್ಮ ಜನಕ್ಕೆ ಆಗಿರತಕ್ಕ ಹಾನಿಯನ್ನು ಕುರಿತು ನಾನು ಅನೇಕ ಸಲ ಯೋಚಿಸಿದ್ದೇನೆ. ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುವ ತಂತುವೂ ನರ, ಮಾಂಸವನ್ನು ಎಲುಬಿಗೆ ಬಿಗಿಯುವ ಕಟ್ಟೂ ನರ, ಮುಂಗೈಯ ಮೇಲೆ ಹಸಿರಾಗಿ ಕಾಣುವ ಅಭಿಧಮನಿಯೂ ನರ, ಒಳಗೆ ಆಳದಲ್ಲಿ ಮಿಡಿಯುತ್ತ ಹೃದಯದ ರಕ್ತವನ್ನು ತಂದುಕೊಡುವ ಅಪಧಮನಿಯೂ ನರ. ಹೀಗೆ ಎಲ್ಲಕ್ಕೂ ಒಂದೇ ಹೆಸರಾದಾಗ ಎಲ್ಲಕ್ಕೂ ಒಂದೇ ಮದ್ದೂ ಆಗುತ್ತದೆ. ರಕ್ತ ಬಾರದೆ ಹಸಿದಿರುವ ಕಾಲಿಗೆ ಎಣ್ಣೆಯನ್ನು ತಿಕ್ಕುತ್ತೇವೆ, ಬಿಸಿನೀರಿನ ಶಾಖವನ್ನು ಕೊಡುತ್ತೇವೆ, ಕೊರಟಗೆರೆಯ ಸಿದ್ಧರಬೆಟ್ಟದಿಂದ ತಂದ ಸೊಪ್ಪನ್ನು ಅರೆದು ಕಟ್ಟುತ್ತೇವೆ. ಶಾಖವನ್ನು ತಾಳುವುದಕ್ಕೂ ಗಾಯವನ್ನು ಮಾಯಿಸುವುದಕ್ಕೂ ಬೇಕಾದದ್ದು ರಕ್ತವೇ; ಅದು ಬಾರದ ಕಡೆ ಶಾಖವು ಸುಡುತ್ತದೆ, ಮದ್ದು ಮೇಲೆಯೇ ಉಳಿಯುತ್ತದೆ.

ಪ್ರಾಚೀನರು ಈ ವಿಷಯದಲ್ಲಿ ನಮಗಿಂತ ಹೆಚ್ಚು ವಿವೇಚನೆಯುಳ್ಳವರಾಗಿದ್ದರು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 700 ಸಿರೆಗಳನ್ನೂ 24 ಧಮನಿಗಳನ್ನೂ ಬೇರೆಬೇರೆಯಾಗಿ ಎಣಿಸಿ, ಸ್ನಾಯುಗಳನ್ನು ಇನ್ನೊಂದು ವರ್ಗವಾಗಿ ಹೇಳಿದೆ. ಸಿರಾ ಎಂಬುದನ್ನೇ ಶಿರಾ ಎಂದು ಬರೆಯುವ ರೂಢಿಯೂ ಸಂಸ್ಕೃತದಲ್ಲಿ ಉಂಟು. ನಮ್ಮ ಶಿರಾ ಪಟ್ಟಣದ ಹೆಸರಿಗೂ ಅದಕ್ಕೂ ಇರುವುದು ಶಬ್ದಸಾಮ್ಯವಷ್ಟೇ ಆದರೂ, ಒಂದು ಕಾಲದಲ್ಲಿ ಮೊಗಲರ ಸುಬೆಯ ರಾಜಧಾನಿಯಾಗಿದ್ದು ಈಗ ಬೆಂಗಳೂರು-ಪುಣೆ ಹೆದ್ದಾರಿಯ ವಾಹನಪ್ರವಾಹವನ್ನು ಹಗಲಿರುಳೂ ತನ್ನ ಪಕ್ಕದಲ್ಲಿ ಹರಿಯಗೊಡುತ್ತಿರುವ ಆ ಊರಿಗೆ ರಕ್ತನಾಳದ ಹೆಸರು ಒಪ್ಪುವುದೆಂದು ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ತೋರಿದೆ.

ಮಾವನವರ ಕಥೆಗೆ ಬರುತ್ತೇನೆ. ಸಕ್ಕರೆ ಕಾಯಿಲೆ ಅವರಿಗೆ ಹನ್ನೆರಡು ವರ್ಷಗಳಿಂದ ಇತ್ತು. ಬೀಡಿಯಂತೂ ಹದಿನೆಂಟನೆಯ ವಯಸ್ಸಿನಿಂದ. ಹೊಸ ಚಪ್ಪಲಿ ಉಜ್ಜಿ ಬಲಗಾಲಿನ ಕಿರುಬೆರಳಿನಲ್ಲಿ ಆದ ಒಂದು ಸಣ್ಣ ಗಾಯ ಮಾಯದೆ, ಬೆರಳು ಕ್ರಮೇಣ ಕಪ್ಪಾಯಿತು. ಮೊದಲು ತೋರಿಸಿದ ಒಂದು ಕಡೆಯಲ್ಲಿ, ಪಾದವನ್ನು ಮುಟ್ಟಿ ನಾಡಿಯನ್ನೂ ನೋಡದೆ, ಮಂಡಿಯ ಕೆಳಗೆ ಕಾಲನ್ನು ತೆಗೆಯಬೇಕಾಗುವುದೆಂದು ಹೇಳಿದರು. ಮೂರು ದಿನ ಮನೆಯಲ್ಲಿ ಯಾರಿಗೂ ನಿದ್ರೆಯಿರಲಿಲ್ಲ. ನಾಲ್ಕನೆಯ ದಿನ ತುಮಕೂರಿನಲ್ಲಿ ಬೇರೊಬ್ಬ ವೈದ್ಯರು ಅವರ ಪಾದದ ಮೇಲ್ಭಾಗದಲ್ಲಿ ಹೆಬ್ಬೆರಳಿನ ಮೂಳೆಯ ಪಕ್ಕಕ್ಕೆ ತಮ್ಮ ಎರಡು ಬೆರಳುಗಳನ್ನಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು; ಆಮೇಲೆ ಒಳಹರಡಿನ ಹಿಂದೆ, ಆಮೇಲೆ ಮಂಡಿಯ ಹಿಂದಿನ ಕುಳಿಯಲ್ಲಿ, ಕೊನೆಗೆ ತೊಡೆಸಂದಿನಲ್ಲಿ. “ಇಲ್ಲಿ ಇದೆ, ಇಲ್ಲಿಂದ ಕೆಳಗೆ ಸಿಕ್ಕುತ್ತಿಲ್ಲ. ಕತ್ತರಿಸುವ ಮಾತು ಆಮೇಲೆ. ಮೊದಲು ರಕ್ತ ಎಲ್ಲಿ ನಿಂತಿದೆ ನೋಡೋಣ” ಎಂದರು.

ನೋಡುವುದೆಂದರೆ ಏನು? ಜೀವಂತ ಮನುಷ್ಯನ ರಕ್ತನಾಳವನ್ನು ನೋಡಬೇಕೆಂಬ ಆಸೆಗೆ ಕ್ಷಕಿರಣಗಳು ಬಂದಮೇಲೂ ದೊಡ್ಡ ಅಡ್ಡಿಯೊಂದು ಉಳಿದಿತ್ತು. ಆ ಕಿರಣಗಳಿಗೆ ರಕ್ತವೂ ಮಾಂಸವೂ ಒಂದೇ ಛಾಯೆಯಾಗಿ ಕಾಣುತ್ತವೆ. ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1927ರಲ್ಲಿ ಮಿದುಳಿನ ನಾಳಗಳಿಗೆ ಕಿರಣತಡೆಯುವ ದ್ರವವನ್ನು ತುಂಬಿ ಚಿತ್ರ ತೆಗೆದನು. ಅವನ ದೇಶದವನೇ ಆದ ರೆನಾಲ್ಡೊ ಡೋಸ್ ಸಾಂತೋಸ್ 1929ರಲ್ಲಿ ಬೆನ್ನಿನ ಕಡೆಯಿಂದ ಸೂಜಿಯನ್ನು ನೇರವಾಗಿ ಮಹಾಧಮನಿಗೇ ಚುಚ್ಚಿ, ಕಾಲುಗಳಿಗೆ ಇಳಿಯುವ ನಾಳಗಳನ್ನು ಚಿತ್ರಿಸಿದನು. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ತೊಡೆಸಂದಿನಿಂದ ತಂತಿಯ ಮೇಲೆ ಕೊಳವೆಯನ್ನು ಜಾರಿಸುವ ಸುಲಭೋಪಾಯವನ್ನು ಕಂಡುಕೊಟ್ಟಮೇಲೆ ಈ ವಿದ್ಯೆ ಲೋಕವ್ಯಾಪಿಯಾಯಿತು. ಇಂದಿಗೂ ನಾಳವನ್ನು ಒಳಗಿನಿಂದ ಅಗಲಿಸುವ ಚಿಕಿತ್ಸೆಗೆ ಅದೇ ಮಾರ್ಗ. ಆದರೆ ಕೇವಲ ನೋಡುವುದಕ್ಕಾಗಿ ಅಪಧಮನಿಯನ್ನು ಚುಚ್ಚುವುದು ರಕ್ತಸ್ರಾವದ, ನಾಳ ಹರಿಯುವ ಭಯವುಳ್ಳದ್ದು. ಮೈಯನ್ನು ಭೇದಿಸದೆ ನೋಡುವ ದಾರಿ ಬಂದದ್ದು ಬೆಳಕಿನಿಂದಲ್ಲ, ಧ್ವನಿಯಿಂದ.

ಶಿರಾದ ಹೆದ್ದಾರಿಯ ಅಂಚಿನಲ್ಲಿ ನಿಂತವರೆಲ್ಲರೂ ಆ ದಾರಿಯ ತತ್ತ್ವವನ್ನು ಕಿವಿಯಾರೆ ಕೇಳಿದ್ದಾರೆ. ಹಾರ್ನನ್ನು ಒತ್ತಿಕೊಂಡೇ ಬರುವ ಲಾರಿಯ ದನಿ ಸಮೀಪಿಸುವಾಗ ಏರಿದ ಸ್ಥಾಯಿಯಲ್ಲಿರುತ್ತದೆ. ನಮ್ಮನ್ನು ದಾಟಿದ ಕ್ಷಣದಲ್ಲಿ ತಟ್ಟನೆ ಇಳಿದು ಹೋಗುತ್ತದೆ. ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ನಕ್ಷತ್ರಗಳ ವರ್ಣವನ್ನು ಕುರಿತು ಚಿಂತಿಸುತ್ತ ಇದರ ಗಣಿತವನ್ನು ಮಂಡಿಸಿದನು. ಮೂರು ವರ್ಷಗಳ ಮೇಲೆ ಹಾಲೆಂಡಿನ ಬೈಸ್ ಬ್ಯಾಲೊಟ್ ಎಂಬಾತನು ರೈಲಿನ ಬಂಡಿಯೊಂದರಲ್ಲಿ ಕಹಳೆಯವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನವುಳ್ಳ ಸಂಗೀತಗಾರರನ್ನು ನಿಲ್ಲಿಸಿ ಅದನ್ನು ಪರೀಕ್ಷಿಸಿದನು. ಲಾರಿಯ ಬದಲು ರಕ್ತದ ಕೆಂಪುಕಣವನ್ನೂ, ಹಾರ್ನಿನ ಬದಲು ಮನುಷ್ಯನ ಕಿವಿಗೆ ನಿಲುಕದಷ್ಟು ಉಚ್ಚವಾದ ಶ್ರವಣಾತೀತ ಧ್ವನಿಯನ್ನೂ ಇಟ್ಟುಕೊಂಡರೆ ನಮ್ಮ ಯಂತ್ರ ಸಿದ್ಧವಾಯಿತು. ಆ ಶ್ರವಣಾತೀತ ಧ್ವನಿಯ ಶಾಸ್ತ್ರದಲ್ಲಿ ನಮ್ಮ ನಾಡಿನದೂ ಒಂದು ಪಾಲಿದೆಯೆಂಬುದನ್ನು ಸಂತೋಷದಿಂದ ನೆನೆಯಬೇಕು: 1935 ಮತ್ತು 1936ರಲ್ಲಿ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರೂ ನಾಗೇಂದ್ರನಾಥರೂ ಕೂಡಿ, ಇಂಥ ಧ್ವನಿಯ ಅಲೆಗಳನ್ನು ಹಾಯುವಾಗ ಬೆಳಕು ಹೇಗೆ ಚೆದರುವುದೆಂಬುದನ್ನು ವಿವರಿಸಿದ ಸಿದ್ಧಾಂತ ಇಂದಿಗೂ ಅವರಿಬ್ಬರ ಹೆಸರಿನಲ್ಲಿದೆ. ದೇಹದೊಳಗಣ ಚಲನೆಯನ್ನು ಡಾಪ್ಲರ್ ತತ್ತ್ವದಿಂದ ಹಿಡಿಯುವ ಕೆಲಸವನ್ನು 1950ರ ದಶಕದಲ್ಲಿ ಜಪಾನಿನ ಒಸಾಕದ ಶಿಗೆಯೊ ಸಾತೊಮುರಾ ಆರಂಭಿಸಿದನು. ಅಮೆರಿಕದ ಸಿಯಾಟಲ್ ನಗರದ ಶಸ್ತ್ರವೈದ್ಯ ಡೊನಾಲ್ಡ್ ಸ್ಟ್ರಾಂಡ್ನೆಸ್ ಮತ್ತು ಅವನ ಸಂಗಡಿಗರು 1970ರ ದಶಕದಲ್ಲಿ ನಾಳದ ಚಿತ್ರವನ್ನೂ ರಕ್ತದ ವೇಗವನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದರು.

ಲೆಕ್ಕ ಮಾಡಿ ನೋಡಿದರೆ ಇಲ್ಲೊಂದು ಆಶ್ಚರ್ಯವಿದೆ. ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್ ಉಪಕರಣವು ಸೆಕೆಂಡಿಗೆ 80 ಲಕ್ಷ ಕಂಪನಗಳ ಧ್ವನಿಯನ್ನು ಕಳುಹಿಸುತ್ತದೆ. ಅದು ಮಾಂಸದಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಿಂದ ಸಾಗುತ್ತದೆ. ಸೆಕೆಂಡಿಗೆ 50 ಸೆಂಟಿಮೀಟರ್ ಓಡುತ್ತಿರುವ ರಕ್ತಕ್ಕೆ 60 ಅಂಶಗಳ ಓರೆಯಲ್ಲಿ ತಾಗಿ ಮರಳಿದಾಗ, ಹೋದ ಧ್ವನಿಗೂ ಬಂದ ಧ್ವನಿಗೂ ಇರುವ ಅಂತರ ಸೆಕೆಂಡಿಗೆ ಸುಮಾರು 2,600 ಕಂಪನಗಳಷ್ಟಾಗುತ್ತದೆ. ಇದು ಮನುಷ್ಯನ ಕಿವಿ ಚೆನ್ನಾಗಿ ಕೇಳಬಲ್ಲ ಮಟ್ಟ. ಎಂದರೆ, ಕೇಳಿಸದ ಧ್ವನಿಯನ್ನು ಕಳುಹಿಸಿ, ಕೇಳಿಸದ ಧ್ವನಿಯನ್ನೇ ಹಿಂದಕ್ಕೆ ಪಡೆದು, ಅವೆರಡರ ವ್ಯತ್ಯಾಸವನ್ನು ಮಾತ್ರ ಉಳಿಸಿಕೊಂಡರೆ, ಹರಿಯುವ ರಕ್ತವು ತಾನಾಗಿಯೇ ಸದ್ದು ಮಾಡಿದಂತೆ ನಮಗೆ ಕೇಳುತ್ತದೆ.

ಆ ಸದ್ದನ್ನು ನಾನು ಮಾವನವರ ಪಕ್ಕದಲ್ಲಿ ನಿಂತು ಕೇಳಿದೆ. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕ ತೂಗುತ್ತಿತ್ತು. 1994ರ ಕಾನೂನಿನ ಪ್ರಕಾರ ಅಂಥ ಪ್ರತಿಯೊಂದು ಕೋಣೆಗೂ ಆ ಫಲಕ ಕಡ್ಡಾಯ. ಗರ್ಭಿಣಿಯರ ಸಾಲಿನ ನಡುವೆ ತಾವೊಬ್ಬರೇ ಮುದುಕರಾಗಿ ಕುಳಿತಿದ್ದುದರಿಂದ ಮಾವನವರಿಗೆ ಬಹಳ ಸಂಕೋಚವಾಯಿತು. ಒಳಗೆ ಅವರನ್ನು ಮಲಗಿಸಿ ಪಂಚೆಯನ್ನು ತೊಡೆಯವರೆಗೆ ಸರಿಸಿ, ತಣ್ಣಗಿನ ಜೆಲ್ಲನ್ನು ಹಚ್ಚಿದರು. ಆ ಜೆಲ್ ಬೇಕಾದದ್ದು ಚರ್ಮಕ್ಕೂ ಅದರ ಮೇಲೆ ಆಡಿಸುವ ಪ್ರೋಬಿಗೂ ನಡುವೆ ಗಾಳಿ ನಿಲ್ಲದಿರಲೆಂದು. ಶ್ರವಣಾತೀತ ಧ್ವನಿಯು ಗಾಳಿಯ ಪದರವನ್ನು ದಾಟಲಾರದು. ಮೊದಲು ನೋವಿಲ್ಲದ ಎಡಗಾಲು. ಪರದೆಯ ಮೇಲೆ ಬೂದುಬಣ್ಣದ ಮಾಂಸದ ನಡುವೆ ಕೆಂಪು ಕಾಲುವೆಯೊಂದೂ ನೀಲಿ ಕಾಲುವೆಯೊಂದೂ ಜೊತೆಜೊತೆಯಾಗಿ ಮೂಡಿದವು. ಇದು ರಕ್ತದ ಬಣ್ಣವಲ್ಲವೆಂದು ವಾಚಕರಿಗೆ ಹೇಳಬೇಕು. ಪ್ರೋಬಿನ ಕಡೆಗೆ ಬರುವುದಕ್ಕೆ ಒಂದು ಬಣ್ಣ, ದೂರ ಹೋಗುವುದಕ್ಕೆ ಇನ್ನೊಂದು ಬಣ್ಣವೆಂದು ಯಂತ್ರವು ಕೊಡುವ ಸಂಕೇತವಷ್ಟೆ. ಸ್ಕ್ಯಾನಿಂಗ್ ಮಾಡುತ್ತಿದ್ದ ವೈದ್ಯೆ ಗುಂಡಿಯೊಂದನ್ನು ಒತ್ತಿದೊಡನೆ ಕೋಣೆಯಲ್ಲಿ ಚಾಟಿಯೇಟಿನಂತೆ ಗಟ್ಟಿಯಾದ ಒಂದು ಸದ್ದು, ಅದರ ಬೆನ್ನಿಗೆ ಹಿಮ್ಮುಖವಾದ ಒಂದು ಚಿಕ್ಕ ಸದ್ದು, ಅದರ ಬೆನ್ನಿಗೆ ಮೃದುವಾದ ಮೂರನೆಯದು, ಹೀಗೆ ಮೂರುಮೂರಾಗಿ ಕೇಳಿಸತೊಡಗಿತು.

“ಇದೇನವ್ವ ಈ ಸದ್ದು?” ಎಂದರು ಮಾವನವರು.

“ನಿಮ್ಮ ರಕ್ತ ಓಡೋ ಸದ್ದು, ಯಜಮಾನ್ರೆ.”

ಬಲಗಾಲಿಗೆ ಬಂದಾಗ ತೊಡೆಸಂದಿನಲ್ಲಿ ಅದೇ ಚಾಟಿಯ ಸದ್ದು. ತೊಡೆಯ ನಡುವಿನಿಂದ ಸ್ವಲ್ಪ ಕೆಳಗೆ ಪರದೆಯ ಕೆಂಪು ಕಾಲುವೆ ಒಮ್ಮೆಲೇ ನೂಲಿನಂತೆ ಕಿರಿದಾಗಿ, ಬಣ್ಣಗಳು ಕಲಸಿ ಹೋದವು. ಸದ್ದು ಕೀರಲು ಸೀಟಿಯಾಯಿತು. ಅಲ್ಲಿಂದ ಕೆಳಗೆ, ಮಂಡಿಯ ಹಿಂದೆಯೂ ಹರಡಿನ ಬಳಿಯೂ, ಮೂರು ಸದ್ದುಗಳು ಹೋಗಿ ದೂರದಲ್ಲಿ ಬೀಸುವ ಗಾಳಿಯಂಥ ಒಂದೇ ಮಂದವಾದ ಉಸಿರು ಉಳಿಯಿತು. ಮಾವನವರು ಓದಿದವರಲ್ಲ, ಆದರೆ ಎಡಗಾಲಿನ ಸದ್ದಿಗೂ ಬಲಗಾಲಿನ ಸದ್ದಿಗೂ ಇರುವ ಅಂತರವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು.

ಕಿರಿದಾದ ಕಡೆ ವೇಗ ಏಕೆ ಹೆಚ್ಚುವುದೆಂಬುದನ್ನು ನಮ್ಮ ಸೀಮೆಯ ರೈತರಿಗೆ ತಿಳಿಸುವುದು ಕಷ್ಟವಲ್ಲ. ಕೆರೆಯ ಅಂಗಳದಲ್ಲಿಯೂ ಹಳ್ಳದ ಮಗ್ಗುಲಲ್ಲಿಯೂ ತಾನಾಗಿ ಉಕ್ಕುವ ನೀರಿನ ಚಿಲುಮೆಗಳನ್ನು ನಮ್ಮ ಕಡೆ ತಲಪರಿಗೆ ಎನ್ನುತ್ತಾರೆ. ಅದರ ನೀರನ್ನು ಹೊಲಕ್ಕೆ ಒಯ್ಯುವ ಕಾಲುವೆಯಲ್ಲಿ ಹೂಳೋ ಕಲ್ಲೋ ಸಿಕ್ಕಿಕೊಂಡರೆ, ಆ ಇಕ್ಕಟ್ಟಿನಲ್ಲಿ ನೀರು ಸೀಳಿಕೊಂಡು ನುಗ್ಗುತ್ತದೆ, ಅದರಾಚೆಗೆ ಸುಳಿಸುತ್ತಿ ಸೋತು ಹರಿಯುತ್ತದೆ, ಕೊನೆಯ ಮಡಿ ಒಣಗುತ್ತದೆ. ಡಾಪ್ಲರ್ ವೈದ್ಯರು ಓದುವುದು ಇದನ್ನೇ. ಮಾವನವರ ಇಕ್ಕಟ್ಟಿಗೆ ಮುಂಚೆ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 90 ಸೆಂಟಿಮೀಟರ್, ಇಕ್ಕಟ್ಟಿನಲ್ಲಿ 340. ವೇಗವು ಇಮ್ಮಡಿಯಾದರೆ ನಾಳದ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿದೆಯೆಂದು ಸ್ಥೂಲವಾದ ನಿಯಮ. ಇದು ಸುಮಾರು ನಾಲ್ಮಡಿಯಾಗಿತ್ತು. ಮುಖ್ಯ ಕಾಲುವೆ ಕಟ್ಟಿದಾಗ ಅಕ್ಕಪಕ್ಕದ ಸಣ್ಣ ತೋಡುಗಳು ಅಗಲವಾಗುವಂತೆ ದೇಹವೂ ತಿಂಗಳುಗಟ್ಟಲೆ ಶ್ರಮಿಸಿ ಉಪನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಕುಳಿತಾಗ ಅವು ಸಾಕು, ನಡೆಯುವಾಗ ಸಾಲವು. ಹೊಂಗೆಯ ಮರದ ನಿಲುಗಡೆಯ ರಹಸ್ಯ ಇದೇ ಆಗಿತ್ತು.

ಇಂಥ ಬಣ್ಣದ ಯಂತ್ರ ಎಲ್ಲ ಊರಿನಲ್ಲಿಯೂ ಇರಲಾರದು; ಇದ್ದಲ್ಲಿಯೂ ಅದನ್ನು ಹಳ್ಳಿಹಳ್ಳಿಗೆ ಹೊತ್ತುಕೊಂಡು ಹೋಗುವಂತಿಲ್ಲ. ಹೆಣ್ಣುಶಿಶುವಿನ ರಕ್ಷಣೆಗೆಂದು ಕಾನೂನು ಸ್ಕ್ಯಾನಿಂಗ್ ಯಂತ್ರಗಳನ್ನು ನೋಂದಾಯಿತ ಸ್ಥಳಕ್ಕೆ ಕಟ್ಟಿಹಾಕಿದೆ, ಅದು ನ್ಯಾಯವೇ ಸರಿ. ಆದರೆ ಬಿಂಬವನ್ನು ಮೂಡಿಸದೆ ಸದ್ದನ್ನು ಮಾತ್ರ ಕೇಳಿಸುವ, ಟಾರ್ಚಿನಷ್ಟು ಗಾತ್ರದ ಡಾಪ್ಲರ್ ಉಂಟು. ಆರೋಗ್ಯಕೇಂದ್ರಗಳಲ್ಲಿ ಬಸುರಿಯ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತವನ್ನು ಕೇಳಿಸುವುದು ಇದರ ಸೋದರಿಯಿಂದಲೇ; ಅನೇಕ ಮಾದರಿಗಳಲ್ಲಿ ಪ್ರೋಬನ್ನು ಬದಲಾಯಿಸಿದರೆ ಅದೇ ಉಪಕರಣ ಕಾಲಿಗೂ ಸಲ್ಲುತ್ತದೆ. ಇದರ ಜೊತೆಗೆ ಬೇಕಾದದ್ದು ಬಿ.ಪಿ. ನೋಡುವ ಪಟ್ಟಿಯೊಂದೇ. ತೋಳಿನಲ್ಲಿ ಒತ್ತಡವನ್ನು ನೋಡಿ, ಆಮೇಲೆ ಪಟ್ಟಿಯನ್ನು ಹರಡಿನ ಮೇಲೆ ಸುತ್ತಿ, ಪಾದದ ಸದ್ದು ಅಡಗುವವರೆಗೆ ಗಾಳಿ ತುಂಬಿ, ನಿಧಾನವಾಗಿ ಬಿಡುತ್ತ ಸದ್ದು ಮರಳುವ ಅಂಕಿಯನ್ನು ಹಿಡಿಯಬೇಕು. ಪಾದದ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಿದರೆ ಆರೋಗ್ಯವಂತರಲ್ಲಿ 1ರಿಂದ 1.4ರೊಳಗೆ ಬರುತ್ತದೆ, 0.9 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಧಮನಿ ಕಿರಿದಾಗಿದೆ; 0.4ಕ್ಕಿಂತಲೂ ಇಳಿದರೆ ಕಾಲೇ ಅಪಾಯದಲ್ಲಿದೆ. ಮಾವನವರ ತೋಳಿನಲ್ಲಿ 140, ಬಲಪಾದದಲ್ಲಿ 70: ಸರಿಯಾಗಿ ಅರ್ಧ. ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅವರ ನಾಳದ ಗೋಡೆಗಳಲ್ಲಿ ಸುಣ್ಣದ ಅಂಶ ಸೇರಿ ಗಡುಸಾಗಿ, ಪಟ್ಟಿಯ ಒತ್ತಡಕ್ಕೆ ನಾಳವು ಬಗ್ಗದೆ ಲೆಕ್ಕವು 1.4ನ್ನೂ ಮೀರಬಹುದು, ಆ ದೊಡ್ಡ ಅಂಕಿ ಆರೋಗ್ಯದ ಲಕ್ಷಣವಲ್ಲ. ಆಗ ಹೆಬ್ಬೆರಳಿಗೆ ಸಣ್ಣ ಪಟ್ಟಿಯನ್ನು ಸುತ್ತಿ ನೋಡಬೇಕಾಗುತ್ತದೆ.

ತಾಲ್ಲೂಕು ಆಸ್ಪತ್ರೆಗೆ ಸಕ್ಕರೆ ನೋಡಿಸಲು ಬರುವ ಪ್ರತಿಯೊಬ್ಬರ ಚಪ್ಪಲಿಯನ್ನು ಬಿಡಿಸಿ ಪಾದವನ್ನು ಮುಟ್ಟಿ ನೋಡುವ, ನಾಡಿ ಸಿಕ್ಕದವರಿಗೆ ಈ ಹತ್ತು ನಿಮಿಷದ ಪರೀಕ್ಷೆಯನ್ನು ಮಾಡುವ ಪದ್ಧತಿ ನೆಲೆಗೊಳ್ಳಬೇಕೆಂಬುದು ನನ್ನ ಹಂಬಲ. ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆಯೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿದೆ. ನಮ್ಮ ಜಿಲ್ಲೆಯ ಪಾವಗಡದಿಂದ ಜಿಲ್ಲಾಕೇಂದ್ರವಾದ ತುಮಕೂರು ನೂರು ಕಿಲೋಮೀಟರಿನ ಹಾದಿ. ಮೂರು ದಿಕ್ಕಿಗೆ ಆಂಧ್ರದ ನೆಲ. ಅಲ್ಲಿಯ ಬಡವನೊಬ್ಬನು ಕಪ್ಪಾದ ಬೆರಳನ್ನು ಹೊತ್ತುಕೊಂಡು ತುಮಕೂರಿಗೋ ಬೆಂಗಳೂರಿಗೋ ಹೊರಡುವ ಹೊತ್ತಿಗೆ, ಉಳಿಸಬಹುದಾಗಿದ್ದ ಕಾಲು ಅರ್ಧ ಕಳೆದಿರುತ್ತದೆ. ಪಾವಗಡದಲ್ಲಿ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರವು ದಶಕಗಳಿಂದ ಕುಷ್ಠರೋಗಿಗಳ ಸೇವೆಯನ್ನು ಮಾಡುತ್ತ ಬಂದಿದೆ. ಕುಷ್ಠದಲ್ಲಿ ಪಾದಕ್ಕೆ ಹುಣ್ಣಾಗುವುದು ಸಾಮಾನ್ಯವಾಗಿ ಸ್ಪರ್ಶದ ತಂತುಗಳು ಸತ್ತು ನೋವು ತಿಳಿಯದಿರುವುದರಿಂದ. ಅಲ್ಲಿ ರಕ್ತ ಹರಿಯುತ್ತಿರುತ್ತದೆ, ಭಾರವನ್ನು ತಪ್ಪಿಸಿದರೆ ಹುಣ್ಣು ಮಾಯುತ್ತದೆ. ಅಪಧಮನಿ ಕಟ್ಟಿದ ಹುಣ್ಣು ಇದಕ್ಕೆ ವಿರುದ್ಧ, ವಿಪರೀತ ನೋವಿನದು. ಮಧುಮೇಹಿಯ ಪಾದದಲ್ಲಿ ಎರಡೂ ಕೂಡಿ, ನೋವೂ ತಿಳಿಯದೆ ರಕ್ತವೂ ಬಾರದೆ ಇರುವುದುಂಟು. ನೋಡುವುದಕ್ಕೆ ಮೂರೂ ಹುಣ್ಣುಗಳೇ. ಬೇರ್ಪಡಿಸುವುದು ನಾಡಿಯ ಪರೀಕ್ಷೆ.

ಮಾವನವರ ಬೀಡಿಯ ಮಾತು ಮೇಲೆ ಬಂದುದರಿಂದ ಇನ್ನೊಂದನ್ನು ಹೇಳಬೇಕು. ಲಿಯೋ ಬರ್ಗರ್ ಎಂಬ ವೈದ್ಯನು 1908ರಲ್ಲಿ ವರ್ಣಿಸಿದ ರೋಗವೊಂದು, ಸಕ್ಕರೆಯಿಲ್ಲದ, ಕೊಬ್ಬಿಲ್ಲದ, ನಲವತ್ತೈದು ತುಂಬದ ಗಂಡಸರ ಕೈಕಾಲುಗಳ ಸಣ್ಣ ನಾಳಗಳನ್ನು ಮುಚ್ಚಿ ಬೆರಳುಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತದೆ. ಹೊಗೆಸೊಪ್ಪಿನ ಹೊರತು ಅದು ಬೆಳೆಯದು. ಬೀಡಿ ಸೇದುವ ನಮ್ಮಂಥ ದೇಶಗಳಲ್ಲಿ ಅದರ ಹಾವಳಿ ಹೆಚ್ಚು. ಚಿತ್ರದಲ್ಲಿ ಅಂಥವರ ಉಪನಾಳಗಳು ಬಿರಡೆ ತೆಗೆಯುವ ತಿರುಚು ತಂತಿಯಂತೆ ಸುರುಳಿಯಾಗಿ ಕಾಣುತ್ತವೆ. ಅಲ್ಲಿ ಶಸ್ತ್ರಚಿಕಿತ್ಸೆಗಿಂತ ಬೀಡಿಯನ್ನು ಬಿಡುವುದೇ ದೊಡ್ಡ ಚಿಕಿತ್ಸೆ.

ಅಭಿಧಮನಿಗಳ ವಿಷಯ ಸರಳ. ಕಾಲು ಹಠಾತ್ತಾಗಿ ಬಾತುಕೊಂಡು ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಶಯವಿದ್ದರೆ, ವೈದ್ಯರು ಪ್ರೋಬಿನಿಂದಲೇ ಮೆಲ್ಲನೆ ಒತ್ತಿ ನೋಡುತ್ತಾರೆ. ಆರೋಗ್ಯವುಳ್ಳ ಅಭಿಧಮನಿ ಒತ್ತಿದೊಡನೆ ಚಪ್ಪಟೆಯಾಗಿ ಮಾಯವಾಗುತ್ತದೆ, ಹೆಪ್ಪು ತುಂಬಿದ್ದು ಒತ್ತಡಕ್ಕೆ ಮಣಿಯದು. ನಿಂತೇ ಕೆಲಸ ಮಾಡುವವರಿಗೆ ಬರುವ ಉಬ್ಬಿದ ಅಭಿಧಮನಿಗಳಲ್ಲಿ ಯಾವ ಕವಾಟ ಕೆಟ್ಟಿದೆಯೆಂಬುದನ್ನೂ ಇದೇ ಯಂತ್ರ ತೋರಿಸುತ್ತದೆ.

ಅಪಧಮನಿ ಕಿರಿದಾಗಿರುವುದನ್ನು ಡಾಪ್ಲರ್ ಪರೀಕ್ಷೆ ಹೇಳಿದ ಮೇಲೆ, ಚಿಕಿತ್ಸೆ ನಡೆಸುವವರಿಗೆ ಪೂರ್ಣ ನಕ್ಷೆ ಬೇಕಾದಾಗ ಸಿ.ಟಿ. ಆಂಜಿಯೋಗ್ರಾಂ. ತೋಳಿನ ಅಭಿಧಮನಿಗೆ ಅಯೋಡಿನ್ ಸೇರಿದ ದ್ರವವನ್ನು ಸಾಧಾರಣ ಇಂಜೆಕ್ಷನ್ನಿನಂತೆ ಕೊಟ್ಟು, ಅದು ಕಾಲಿಗೆ ಇಳಿಯುವ ಸಮಯಕ್ಕೆ ಸರಿಯಾಗಿ ಹೊಟ್ಟೆಯಿಂದ ಪಾದದವರೆಗೆ ಒಂದು ನಿಮಿಷದೊಳಗೆ ಚಿತ್ರ ತೆಗೆಯುತ್ತಾರೆ, ಅಪಧಮನಿಯನ್ನು ಚುಚ್ಚುವುದಿಲ್ಲ. ಆ ದ್ರವ ಮೂತ್ರಪಿಂಡಗಳಿಗೆ ಹೊರೆಯಾದುದರಿಂದ ಮೊದಲು ರಕ್ತದ ಕ್ರಿಯಾಟಿನಿನ್ ನೋಡಿಸಲೇಬೇಕು. ಎಂ.ಆರ್. ಆಂಜಿಯೋಗ್ರಾಂನಲ್ಲಿ ಕ್ಷಕಿರಣವೇ ಇಲ್ಲ. ದ್ರವವಿಲ್ಲದೆಯೂ ಮಾಡುವ ವಿಧಾನಗಳಿವೆ. ಆದರೆ ಹೊತ್ತೂ ಹಣವೂ ಹೆಚ್ಚು.

ಮಾವನವರಿಗೆ ಮೂತ್ರಪಿಂಡಗಳು ಚೆನ್ನಾಗಿದ್ದುದರಿಂದ ಸಿ.ಟಿ. ಆಯಿತು. ತೊಡೆಯ ಆ ಒಂದು ಇಕ್ಕಟ್ಟನ್ನು ಬಿಟ್ಟರೆ ಕೆಳಗಿನ ಮೂರು ಶಾಖೆಗಳಲ್ಲಿ ಎರಡು ತೆರೆದಿದ್ದವು. ಬೆಂಗಳೂರಿನಲ್ಲಿ ಬಲೂನಿನಿಂದ ನಾಳವನ್ನು ಅಗಲಿಸಿದರು. ಸತ್ತುಹೋಗಿದ್ದ ಕಿರುಬೆರಳೊಂದನ್ನು ತೆಗೆದರು. ಮಂಡಿಯ ಕೆಳಗೆ ಕತ್ತರಿಸಬೇಕೆಂದಿದ್ದ ಕಾಲು ಉಳಿಯಿತು. ಬೀಡಿಯ ಕಟ್ಟನ್ನು ಅವರೇ ನನ್ನ ಕೈಗೆ ಕೊಟ್ಟರು. ಆ ರಾತ್ರಿ ನರ್ಸ್ ಒಬ್ಬಾಕೆ ಗಂಟೆಗೊಮ್ಮೆ ಬಂದು ಟಾರ್ಚಿನಂಥ ಆ ಡಾಪ್ಲರನ್ನು ಪಾದದ ಮೇಲೆ ಅಲ್ಲಿ ಇಲ್ಲಿ ಆಡಿಸಿ, ಸದ್ದು ಸ್ಪಷ್ಟವಾಗಿ ಸಿಕ್ಕಿದ ಜಾಗದಲ್ಲಿ, ಮುಂದಿನ ಪಾಳಿಯವರು ಹುಡುಕಬೇಕಾಗದಿರಲೆಂದು, ನೀಲಿ ಪೆನ್ನಿನಿಂದ ಒಂದು ಸಣ್ಣ ಕತ್ತರಿ ಗುರುತನ್ನು ಹಾಕಿದಳು. ಊರಿಗೆ ಮರಳಿದ ಮೇಲೆ ದಿನವೂ ಸಂಜೆ ನಮ್ಮತ್ತೆ ಅವರ ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳುಗಳ ಸಂದನ್ನು ಬಟ್ಟೆಯಿಂದ ಒರೆಸುವಾಗ, ಆ ಗುರುತಿನ ಸುತ್ತ ಮಾತ್ರ ಮೆಲ್ಲಗೆ ಕೈಯಾಡಿಸಿ ಅದನ್ನು ಅಳಿಸದೆ ಬಿಡುತ್ತಿದ್ದರು. ಹದಿನೈದು ದಿನಗಳಲ್ಲಿ ಅದು ತಾನಾಗಿ ಮಾಸಿತು. ಅಷ್ಟರೊಳಗೆ ಮಾವನವರು ಅದೇ ಜಾಗಕ್ಕೆ ತಮ್ಮ ಎರಡು ಬೆರಳುಗಳನ್ನಿಟ್ಟು ನಾಡಿಯನ್ನು ಹಿಡಿಯುವುದನ್ನು ಕಲಿತುಕೊಂಡಿದ್ದರು.